ಮಾತು ಕಲಿತ ಸೊಸೆ

ನನ್ನ ತವರಿನವರದು ದೊಡ್ಡ ದನಿ. ಅಕ್ಕಲಕೋಟ ತಾಲೂಕಿನ ಒಂದು ಊರಿನಲ್ಲಿ ನಮ್ಮ ಹೊಲ. ಈ ಬದುವಿನಲ್ಲಿ ನಿಂತು ಆ ಬದುವಿನಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯಬೇಕಾದರೆ ಎದೆಯಿಂದ ದನಿ ತೆಗೆಯಬೇಕಿತ್ತು. ಮನೆಯೊಳಗೆ ಬಂದ ಮೇಲೂ ಅದೇ ದನಿ. ಜಗಳವಾದರೂ ಅದೇ, ನಗುವಾದರೂ ಅದೇ. ಸಿಟ್ಟು ಬಂದವರು ಸಿಟ್ಟು ಬಂದಿದೆ ಎಂದೇ ಹೇಳುತ್ತಿದ್ದರು, ಊಟದ ಹೊತ್ತಿಗೆ ಮರೆಯುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನನ್ನು ಸೊಲ್ಲಾಪುರದ ಒಂದು ಸೀರೆ ವ್ಯಾಪಾರದ ಮನೆಗೆ ಕೊಟ್ಟರು. ಕೆಳಗೆ ಅಂಗಡಿ, ಮೇಲೆ ಮನೆ. ಹೋದ ಹೊಸತರಲ್ಲೇ ಒಂದು ಬೆಳಿಗ್ಗೆ ಅಡುಗೆಮನೆಯಿಂದ "ಅತ್ತೀ, ಜ್ವಾಳದ ಹಿಟ್ಟು ಎಲ್ಲೈತ್ರಿ?" ಎಂದು ಕೇಳಿದೆ. ಕೆಳಗೆ ಗಾದಿಯ ಮೇಲೆ ಕೂತಿದ್ದ ಗಿರಾಕಿಗಳು ಕೇಳಿಸಿಕೊಂಡು ನಕ್ಕರು. ಮಾವ ಮೆಟ್ಟಿಲು ಹತ್ತಿ ಬಂದರು. ನಾನು ಅವರ ಎದುರಿಗೇ ನಿಂತಿದ್ದೆ. ಅವರು ನನ್ನನ್ನು ನೋಡದೆ ಅತ್ತೆಗೆ ಹೇಳಿದರು.

"ಇದು ಮನಿ, ಹೊಲ ಅಲ್ಲ ಅಂತ ಆಕಿಗೆ ಹೇಳು."

ಅತ್ತೆ ನನ್ನ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದರು. ಆ ಮನೆಯಲ್ಲಿ ಮಾತು ಸಾಗುತ್ತಿದ್ದ ರೀತಿಯೇ ಅದು. ಮಾವ ಅತ್ತೆಗೆ ಹೇಳುವರು, ಅತ್ತೆ ನನಗೆ, ಇಲ್ಲವೆ ಗಂಡನಿಗೆ ಹೇಳುವರು, ಗಂಡ ನನಗೆ. ನನ್ನ ಗಂಡ ಮೃದು ಮನುಷ್ಯ. ತಂದೆಯ ಎದುರು ಹೂಂ, ಹಾಂ ಬಿಟ್ಟರೆ ಅವರ ಬಾಯಿಂದ ಮೂರನೆಯ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ.

ಮೇಲೆ ಮನೆಯಲ್ಲಿ ಕನ್ನಡ, ಕೆಳಗೆ ಅಂಗಡಿಯಲ್ಲಿ ಮರಾಠಿ. ನಮ್ಮೂರಿನಲ್ಲೂ ಮರಾಠಿ ಕಿವಿಗೆ ಬೀಳುತ್ತಿತ್ತು. ಆದರೆ ಕೇಳುವುದು ಬೇರೆ, ಗಿರಾಕಿಯ ಮುಂದೆ ಆಡುವುದು ಬೇರೆ. ಒಮ್ಮೆ ಚಹಾ ಕೊಡಲು ಕೆಳಗೆ ಇಳಿದಾಗ ಒಬ್ಬ ಮರಾಠಿ ಹೆಂಗಸು ಒಂದು ಸೀರೆ ತೋರಿಸಿ ಹೇಗಿದೆ ಎಂದು ಕೇಳಿದಳು. "ಹಾ ಸಾಡೀ ಚಾಂಗಲಾ ಆಹೇ" ಎಂದುಬಿಟ್ಟೆ. ಮರಾಠಿಯಲ್ಲಿ ಸೀರೆ ಹೆಣ್ಣು. ನಾನು ಅದನ್ನು ಗಂಡು ಮಾಡಿದ್ದೆ. ಅಂಗಡಿಯ ಆಳುಗಳು ವಾರಗಟ್ಟಲೆ ನನಗೆ ಕೇಳುವಂತೆ ಅದನ್ನೇ ಆಡಿಕೊಂಡು ನಕ್ಕರು. ನಾನು ರೊಟ್ಟಿ ಬಡಿಯುತ್ತಾ ಕಣ್ಣೀರು ಹಾಕಿದೆ. ಅಳುವುದರಲ್ಲಿ ಲಾಭವಿಲ್ಲ ಎಂದು ತಿಳಿದ ಮೇಲೆ ಕಲಿಯತೊಡಗಿದೆ.

ಕಲಿಸುವವರು ಯಾರೂ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆಗಳ ಮಡಿಕೆ ಸರಿ ಮಾಡುವ ಕೆಲಸ ನನಗೆ ಬಿದ್ದಿತ್ತು. ಪರದೆಯ ಈಚೆ ಕೂತು ಮಾವನ ಮಾತು ಕೇಳುತ್ತಿದ್ದೆ. ಮನೆಯಲ್ಲಿ ಕಲ್ಲಿನಂತಿದ್ದ ಆ ಮನುಷ್ಯ ಅಂಗಡಿಯಲ್ಲಿ ಬೆಣ್ಣೆಯಾಗುತ್ತಿದ್ದರು. ಏನು ಬೇಕು ಎಂದು ಮೊದಲು ಕೇಳುತ್ತಲೇ ಇರಲಿಲ್ಲ. ಯಾವ ಊರು, ಎಸ್.ಟಿ. ಬಸ್ಸಿನಲ್ಲಿ ಜಾಗ ಸಿಕ್ಕಿತೇ, ಮಳೆ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಬಂದವರು ನೀರು ಕುಡಿದು ಕಾಲು ಚಾಚಿದ ಮೇಲೆ ಸೀರೆಯ ಮಾತು. ಈ ವಿಚಾರಣೆಯ ಒಂದು ಪಾಲಾದರೂ ಮೇಲಿನ ಮನೆಗೆ ಏಕೆ ಬರುವುದಿಲ್ಲ ಎಂದು ನಾನು ಯೋಚಿಸುತ್ತಿದ್ದೆ. ಯೋಚಿಸುತ್ತಲೇ ಮರಾಠಿಯನ್ನೂ ದನಿ ಇಳಿಸುವುದನ್ನೂ ಕಲಿತೆ. ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವ ನನ್ನ ಚಾಳಿ ಬಿಡಲು ಎಲ್ಲಕ್ಕಿಂತ ಕಷ್ಟವಾಯಿತು.

ಒಂದು ದಿನ ವಳಸಂಗ ಕಡೆಯ ಒಬ್ಬ ಮುದುಕಿ ಬಂದಿದ್ದಳು. ಆಳುಗಳು ಸೀರೆಯ ರಾಶಿ ಹಾಕಿದರೂ ಆಕೆ ಎಲ್ಲಕ್ಕೂ ಬೇಡ ಎನ್ನುತ್ತಿದ್ದಳು. ಅವರು ಬೇಸತ್ತು ಗೊಣಗಿದರು. ಪರದೆಯ ಸಂದಿನಿಂದ ನೋಡಿದರೆ ಆಕೆ ಸೀರೆಯ ಒಡಲನ್ನು ಮುಟ್ಟುತ್ತಲೇ ಇರಲಿಲ್ಲ. ಪ್ರತಿ ಸೀರೆಯ ಅಂಚಿನ ದಡಿಯನ್ನಷ್ಟೇ ಬೆರಳಲ್ಲಿ ಸವರಿ ಬಿಡುತ್ತಿದ್ದಳು. ನಾನು ಹೊರಗೆ ಬಂದು ಆಕೆಯ ಪಕ್ಕದಲ್ಲಿ ಕೂತೆ.

"ಯಾರಿಗ್ರಿ ಅವ್ವಾರ?"

"ಮಗಳಿಗವ್ವ. ಚೊಚ್ಚಲ ಬಸುರಿ, ಕುಬಸ ಐತಿ."

"ನಿಮ್ಮ ಕುಬಸದಾಗ ಎಂಥಾದು ಉಟ್ಟಿದ್ರಿ?"

ಮುದುಕಿಯ ಮುಖ ಅರಳಿತು. ಹಸಿರು ಒಡಲು, ಕೆಂಪು ದಡಿ, ದಡಿಯಲ್ಲಿ ಸಣ್ಣ ಗೋಪುರ ಎಂದು ಹೇಳತೊಡಗಿದಳು. ಅಂಥದ್ದು ಒಳಗಿನ ಕಪಾಟಿನಲ್ಲಿತ್ತು. ತಂದುಕೊಟ್ಟೆ. ಎರಡನೆಯದನ್ನು ಆಕೆ ನೋಡಲಿಲ್ಲ.

ಮಾವ ಗಾದಿಯಿಂದ ಇದನ್ನು ನೋಡುತ್ತಿದ್ದರು. ಮರುದಿನದಿಂದ ಅವರು ಅತ್ತೆಯ ಮೂಲಕ ಹೇಳಿ ಕಳಿಸಿ ನನ್ನನ್ನು ಹೆಂಗಸರ ಗಿರಾಕಿಗೆ ಕೂಡಿಸಿದರು. ಹಳ್ಳಿಯವರಿಗೆ ಹಳ್ಳಿಯ ಕನ್ನಡ, ಪೇಟೆಯವರಿಗೆ ಪೇಟೆಯ ಮರಾಠಿ. ನನ್ನನ್ನೇ ಕೇಳಿಕೊಂಡು ಬರುವವರು ಹೆಚ್ಚಿದರು. ಮಧ್ಯಾಹ್ನದ ಪಾಳಿಗೆ ಗಿರಣಿಯ ಭೋಂಗಾ ಕೂಗಿದ ಮೇಲೆ ಗಿರಣಿ ಕೆಲಸಗಾರರ ಹೆಂಡಂದಿರು ಬಂದು, ಕೊಳ್ಳುವುದಿರಲಿ ಬಿಡಲಿ, ಕೂತು ಮಾತಾಡಿ ಹೋಗುತ್ತಿದ್ದರು. "ಬಾಯಾಗ ಸಕ್ರಿ ಐತಿ ಆಕಿಗೆ" ಎಂದು ಅತ್ತೆ ನೆಂಟರ ಮುಂದೆ ಹೇಳುವುದು ಶುರುವಾಯಿತು. ನನಗೆ ಹೆಮ್ಮೆಯೆನಿಸಿತು. ಆ ಮಾತಿನಲ್ಲಿ ಇನ್ನೊಂದು ಅರ್ಥ ಇರಬಹುದೆಂದು ಆಗ ಹೊಳೆಯಲಿಲ್ಲ.

ನನ್ನ ಮೈದುನ, ಗಂಡನ ತಮ್ಮ, ಆ ಮನೆಯಲ್ಲಿ ಇನ್ನೊಬ್ಬರ ಮಾತು ಹೊತ್ತು ತರದೆ ನನ್ನೊಡನೆ ನೇರವಾಗಿ ಮಾತಾಡುತ್ತಿದ್ದ ಒಂದೇ ಜೀವ. ಮಾತು ಸ್ವಲ್ಪ ತಡೆದು ತಡೆದು ಬರುತ್ತಿತ್ತು. ಅವರಿಗೆ ಚಿಕ್ಕಂದಿನಿಂದ ಮೂರ್ಛೆ ರೋಗವಿತ್ತು. ಮನೆಯಲ್ಲಿ ಅದನ್ನು "ಫೀಟು" ಎನ್ನುತ್ತಿದ್ದರು, ಅದೂ ಪಿಸುದನಿಯಲ್ಲಿ. ಡಾಕ್ಟರು ಕೊಟ್ಟ ಗುಳಿಗೆ ತಪ್ಪದೆ ತೆಗೆದುಕೊಂಡರೆ ತಿಂಗಳುಗಟ್ಟಲೆ ಏನೂ ಆಗುತ್ತಿರಲಿಲ್ಲ. ತಪ್ಪಿದರೆ ಬೀಳುತ್ತಿದ್ದರು. ಎಲ್ಲರಂತೆ ದುಡಿಯುತ್ತಿದ್ದರು, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಆ ರೋಗದಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ನಾಚಿಕೆಯೆಲ್ಲ ಮನೆಯವರದು.

ಅವರಿಗೆ ಅಕ್ಕಲಕೋಟದಲ್ಲಿ ಹೆಣ್ಣು ನೋಡಿದರು. ಹೊಲಮನೆ ಇದ್ದ ಗಟ್ಟಿ ಕುಳ. ಆ ಹುಡುಗಿಯ ಹಿಂದೆ ಇನ್ನೂ ತಂಗಿಯರಿದ್ದರು. ಮಾತುಕತೆಗೆ ಹೋಗುವ ದಿನ ಮಾವ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ನೀ ನಮ್ಮ ಜೋಡಿ ಬರ್ಬೇಕು. ಅವರು ನಿಮ್ಮ ಕಡಿ ಮಂದಿ. ಹೆಂಗಸರ ಕೂಡ ನೀ ಮಾತಾಡು. ಹುಡುಗನ ತಬ್ಯತದ ಮಾತು ತಗೀಬ್ಯಾಡ."

"ಕೇಳಿದ್ರ, ಮಾಮಾ?"

"ಕೇಳದಂಗ ಮಾತಾಡು. ನಿನಗ ಕಲಸೂದು ಬ್ಯಾಡ ಅದನ್ನ."

ಅಕ್ಕಲಕೋಟದ ಆ ಮನೆಯ ಪಡಸಾಲೆಯಲ್ಲಿ ಗಂಡಸರು ಕೂತರು. ಹುಡುಗಿ ತಲೆ ತಗ್ಗಿಸಿ ಬಂದು, ಉಪ್ಪಿಟ್ಟಿನ ತಾಟು ಇಟ್ಟು, ನಮಸ್ಕರಿಸಿ ಒಳಗೆ ಹೋದಳು. ಆಕೆಯ ಮುಖವೂ ನನಗೆ ಸರಿಯಾಗಿ ಕಾಣಲಿಲ್ಲ. ಆಮೇಲೆ ಹುಡುಗಿಯ ತಾಯಿ ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಶೇಂಗಾ ಹುರಿದ ವಾಸನೆ ಇನ್ನೂ ಅಲ್ಲಿತ್ತು. ಆಕೆ ಬಾಗಿಲು ಅರ್ಧ ಮುಚ್ಚಿ ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ತಂಗಿ, ನೀನೂ ನಮ್ಮ ಮಣ್ಣಿನಾಕಿ. ಹುಡುಗ ಹ್ಯಾಂಗದಾನ, ಖರೇ ಹೇಳು."

ಕೇಳದ ಹಾಗೆ ಮಾತಾಡುವುದು ನನಗೆ ಬರುತ್ತಿತ್ತು. ಆ ಹೊತ್ತಿಗೆ ಬಣ್ಣ ಹೋಗುವ ಸೀರೆಯ ಬಗ್ಗೆಯೂ ನಾನು ಹದವಾಗಿ ಮಾತಾಡಬಲ್ಲವಳಾಗಿದ್ದೆ. ಆದರೆ ಆಕೆ ನನ್ನ ತಾಯಿ ಕೇಳುವ ಹಾಗೆ ಕೇಳಿದ್ದಳು.

"ಅವರು ಮನಸ್ಸಿಲೆ ಭಾಳ ಚಲೋರಿ ಅವ್ವಾರ. ಆದ್ರ ಅವರಿಗೆ ಮೂರ್ಛೆ ಬರ್ತದ. ದಿನಾ ಗುಳಿಗಿ ತಗೋಬೇಕು. ತಗೊಂಡ್ರ ಆರಾಮ ಇರ್ತಾರ."

ಆಕೆ ಕಡ್ಡಿಯಿಂದ ಒಲೆಯ ಬೂದಿ ಕೆದಕಿದಳು.

"ಗುಳಿಗಿ ತಗೊಂಡ್ರ ಆರಾಮ ಅಂದಿ?"

"ಹೌದ್ರಿ. ಹುಡುಗಿಗೂ ತಿಳಿಸ್ರಿ. ಆಕಿ ಒಪ್ಪಿದ್ರ ಮುಂದಿನ ಮಾತು."

"ನಾ ಹೇಳ್ತೀನಿ. ನೀ ಯಾರ ಮುಂದೂ ಆಡಬ್ಯಾಡ. ನೀನಽ ಹೇಳಿದಿ ಅಂತ ಮಂದ್ಯಾಗ ಆಗೂದು ಬ್ಯಾಡ."

ನನ್ನ ಮೇಲಿನ ಕಾಳಜಿ ಎಂದುಕೊಂಡೆ. ಹಿಂದಿರುಗುವಾಗ ಬಸ್ಸಿನಲ್ಲಿ ಗಂಡನಿಗೆ ಮಾತ್ರ ಕಿವಿಯಲ್ಲಿ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, "ಚಲೋ ಮಾಡಿದಿ" ಎಂದರು. ಅದನ್ನು ಕೇಳಿ ನನ್ನ ಎದೆಯ ಭಾರ ಇಳಿಯಿತು.

ವಾರದೊಳಗೆ ಅವರ ಕಡೆಯಿಂದ ಒಪ್ಪಿಗೆ ಬಂತು. ಹುಡುಗಿಗೆ ತಿಳಿದಿದೆ, ತಿಳಿದೇ ಒಪ್ಪಿದ್ದಾಳೆ ಎಂದು ನಾನು ನಂಬಿದೆ. ಮದುವೆಯಾಯಿತು. ಹೊಸ ಸೊಸೆ ಚಿಕ್ಕವಳು, ಚುರುಕು, ನನ್ನನ್ನು "ಅಕ್ಕಾರ" ಎಂದು ಕರೆಯುತ್ತಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ನಗುತ್ತಿದ್ದೆವು. ನನ್ನಂತೆಯೇ ಆಕೆಯದೂ ದೊಡ್ಡ ದನಿ. ಮಾವನ ಕಿವಿಗೆ ಬೀಳದಂತೆ ಮಾತಾಡುವುದನ್ನು ನಾನೇ ಕಲಿಸಿದೆ. ಗುಳಿಗೆಯ ವಿಷಯ ಆಕೆ ಎತ್ತಲಿಲ್ಲ, ಸಂಕೋಚವಿರಬೇಕೆಂದು ನಾನೂ ಎತ್ತಲಿಲ್ಲ. ಅತ್ತೆ ಗುಳಿಗೆಗಳನ್ನು ಬೇಳೆಯ ಡಬ್ಬಿಯಲ್ಲಿಟ್ಟು, ಆಕೆ ನೀರಿಗೆ ಹೋದಾಗ ಮಗನಿಗೆ ಕೊಡುತ್ತಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ.

ಅಳಿಯನ ಮೊದಲ ದೀಪಾವಳಿಗೆ ನಮ್ಮನ್ನೆಲ್ಲ ಅಕ್ಕಲಕೋಟಕ್ಕೆ ಕರೆದರು. ಮೈದುನ ಮುಂಚೆಯೇ ಹೋಗಿ ಅಲ್ಲಿ ಉಳಿದಿದ್ದರು. ಹೆಂಡತಿಯ ಮುಂದೆ ಗುಳಿಗೆ ಒಯ್ಯುವುದು ಹೇಗೆಂದು ಅತ್ತೆ ಅದನ್ನು ಕಟ್ಟಿಕೊಟ್ಟಿರಲಿಲ್ಲ. ನಾವು ಪಾಡ್ಯದ ದಿನ ಹೋದೆವು. ಪಡಸಾಲೆಯಲ್ಲಿ ರಂಗೋಲಿ ಹಾಕಿ, ಮಣೆ ಇಟ್ಟು, ಅಳಿಯನಿಗೆ ಆರತಿ ಎತ್ತುವ ಹೊತ್ತು. ಹೆಂಡತಿ ಆರತಿಯ ತಾಟು ಹಿಡಿದು ಬಾಗಿದ್ದಳು. ಮೈದುನರ ಕಣ್ಣು ಒಮ್ಮೆಲೇ ಮೇಲಕ್ಕೆ ಹೋಯಿತು. ಮಣೆಯಿಂದ ಪಕ್ಕಕ್ಕೆ ಬಿದ್ದರು. ಕೈಕಾಲು ಸೆಟೆದುಕೊಂಡವು.

ತಾಟು ಉರುಳಿತು. ಯಾರೋ ಉಳ್ಳಾಗಡ್ಡಿ ತರಲು ಓಡಿದರು, ಯಾರೋ ಮೂಗಿಗೆ ಚಪ್ಪಲಿ ಹಿಡಿಯಿರಿ ಎಂದು ಕೂಗಿದರು. ನಾನು ದೀಪಗಳನ್ನು ದೂರ ಸರಿಸಿ, ಅವರನ್ನು ಮಗ್ಗುಲಿಗೆ ತಿರುಗಿಸಿ, ತಲೆ ನೆಲಕ್ಕೆ ಬಡಿಯದಂತೆ ನನ್ನ ಸೆರಗು ಮಡಚಿ ಇಟ್ಟೆ. ಹೆಂಡತಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಆ ಮುಖ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಆಕೆಗೆ ಯಾರೂ ಏನೂ ಹೇಳಿರಲಿಲ್ಲ.

ಮೈದುನರಿಗೆ ಎಚ್ಚರ ಬಂದು, ಅವರನ್ನು ಒಳಗೆ ಮಲಗಿಸಿದ ಮೇಲೆ ಹುಡುಗಿಯ ತಂದೆ ಮಾವನ ಎದುರು ಬಂದು ನಿಂತರು.

"ಏನ್ರೀ ಸಾವಕಾರ ಇದು? ರೋಗಿಷ್ಟ ಹುಡುಗನ್ನ ನಮ್ಮ ಕೊರಳಿಗೆ ಕಟ್ಟಿದ್ರಿ? ಒಂದು ಮಾತರ ಹೇಳಬಾರದಾಗಿತ್ತೇನು?"

ಅವರಿಗೂ ಗೊತ್ತಿರಲಿಲ್ಲ. ನಾನು ಹುಡುಗಿಯ ತಾಯಿಯ ಕಡೆ ನೋಡಿದೆ. ಈಗಲಾದರೂ ಹೇಳುತ್ತಾಳೆ ಎಂದುಕೊಂಡೆ. ಆಕೆ ಎದೆ ಬಡಿದುಕೊಂಡು ನನ್ನತ್ತ ಕೈ ತೋರಿಸಿದಳು.

"ಈಕೀನೇ ನೋಡ್ರಿ! ಅಡಗಿಮನ್ಯಾಗ ಕುಂತು ಹುಡುಗ ಬಂಗಾರ, ಹುಡುಗ ಚಲೋ ಅಂತ ಸಕ್ರಿಯಂಥಾ ಮಾತಾಡಿ ನಮ್ಮ ಮನಿ ಮುರದ್ಲು!"

ನಾನು ಮಾವನನ್ನು ನೋಡಿದೆ. ಅವರು ನಿಧಾನವಾಗಿ ಹೇಳಿದರು.

"ಹೆಂಗಸರ ಮಾತು ನಾ ಆಕಿಗೇ ಬಿಟ್ಟಿದ್ದೆ. ಆಕಿ ಹೇಳ್ಯಾಳಂತ ತಿಳ್ಕೊಂಡಿದ್ದೆ."

ಗಂಡನನ್ನು ನೋಡಿದೆ. ಬಸ್ಸಿನಲ್ಲಿ ಚಲೋ ಮಾಡಿದಿ ಎಂದ ಮನುಷ್ಯ ನೆಲದ ಮೇಲೆ ಚೆಲ್ಲಿದ್ದ ಅರಿಸಿನ ಕುಂಕುಮ ನೋಡುತ್ತಿದ್ದರು.

ಎರಡು ಮನೆಯವರೂ ಸುಳ್ಳಿನ ಗಂಟನ್ನು ನನ್ನ ತಲೆಯ ಮೇಲೆ ಹೊರಿಸಿ ಹಗುರಾದರು. ಬಾಯಿ ತೆರೆಯಲು ನನಗೆ ಅರ್ಧ ನಿಮಿಷ ಸಾಕಿತ್ತು. ಆದರೆ ಆ ಹುಡುಗಿ ಅಲ್ಲೇ ಗೋಡೆಗೆ ಆತು ನಿಂತಿದ್ದಳು. ಗಂಡನ ಮನೆ ಮೋಸ ಮಾಡಿದೆ ಎಂದು ಆಕೆಗೆ ಆಗಷ್ಟೇ ತಿಳಿದಿತ್ತು. ಹೆತ್ತ ತಾಯಿಗೂ ಗೊತ್ತಿತ್ತು ಎಂದು ಅದೇ ಉಸಿರಿನಲ್ಲಿ ಹೇಳುವುದು ನನ್ನಿಂದಾಗಲಿಲ್ಲ. ಮಾತು ಕಲಿತ ನಾನು ಮಾತಾಡದೆ ಬಂದೆ.

ಮನೆಗೆ ಬಂದ ಮೇಲೆ ಗಂಡನನ್ನು ಕೇಳಿದೆ. "ನಿಮಗ ಗೊತ್ತಿತ್ತಲ್ಲ. ಯಾಕ ಸುಮ್ಮನಾದ್ರಿ?"

"ಅಪ್ಪನ ಮುಂದ ನಾ ಹ್ಯಾಂಗ ಹೇಳ್ಲಿ? ಮಾತಾಡಾಕಿ ನೀನು. ನೀನಽ ಹೇಳಬಹುದಿತ್ತು."

ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಜಗಳವೇನೂ ಆಗಲಿಲ್ಲ. ಊಟಕ್ಕೆ ಬಡಿಸುತ್ತಿದ್ದೆ, ಅವರು ಉಣ್ಣುತ್ತಿದ್ದರು.

ಹುಡುಗಿ ತವರಿನಲ್ಲೇ ಉಳಿದಳು. ಕರೆತರಲು ಯಾರನ್ನು ಕಳಿಸಬೇಕೆಂದು ಮನೆಯಲ್ಲಿ ಚರ್ಚೆ ನಡೆಯಿತು. ಒಂದು ದಿನ ಮೈದುನ ಹಿಂದಿನ ಕೋಣೆಗೆ ಬಂದು ನನ್ನ ಮುಂದೆ ಕೂತರು. ಅಡುಗೆಮನೆಯಲ್ಲಿ ನಾನೇನು ಹೇಳಿದ್ದೆನೆಂದು ಅವರಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

"ವೈನಿ, ನಾನಽ ಹೋಗ್ತೀನಿ. ಆಕಿ ಮುಂದ ಏನ್... ಏನ್ ಹೇಳ್ಲಿ? ನಿಮ್ಮಂಗ ಛಂದ ಮಾತಾಡಾಕ ಬರೂದಿಲ್ಲ ನನಗ."

"ಛಂದ ಮಾಡಿ ಹೇಳಬ್ಯಾಡ್ರಿ," ಎಂದೆ. "ಯಾವಾಗಿಂದ ಐತಿ, ಹ್ಯಾಂಗ ಆಗ್ತದ, ನಿಮಗ ಏನ್ ಅಂಜಿಕಿ, ಅಷ್ಟಽ ಹೇಳ್ರಿ. ಆಕಿ ಬೈದ್ರ ಬೈಸ್ಕೋರಿ. ನಡುವ ಬಾಯಿ ಹಾಕಬ್ಯಾಡ್ರಿ."

ಅವರು ಒಬ್ಬರೇ ಹೋದರು. ಏನು ಮಾತಾಡಿದರೋ, ಎಷ್ಟು ತಡವರಿಸಿದರೋ ನನಗೆ ಗೊತ್ತಿಲ್ಲ. ಸಂಕ್ರಾಂತಿಗೆ ಮುಂಚೆ ಇಬ್ಬರೂ ಜೊತೆಯಾಗಿ ಬಂದರು. ಗುಳಿಗೆಗಳು ಬೇಳೆಯ ಡಬ್ಬಿಯಿಂದ ಹೊರಬಂದು ಅವರ ಕೋಣೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಕೂತವು. ಆಕೆಯೇ ತೆಗೆದು ಕೊಡುತ್ತಿದ್ದಳು. ಅವರಿಬ್ಬರ ಬಾಳು ಸರಿಹೋಯಿತು, ಮಕ್ಕಳಾದವು. ಆ ಮನೆಯಲ್ಲಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ ಗಂಡಹೆಂಡತಿ ಅವರೇ.

ನನ್ನೊಡನೆ ಮಾತ್ರ ಆಕೆ ಬೇಕಾದಷ್ಟೇ ಆಡುತ್ತಿದ್ದಳು. ಉಪ್ಪು ಕೊಡ್ರಿ, ಹಾಲು ಬಂತೇನ್ರಿ. ಹೀಗೆ ಎಷ್ಟೋ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಇಬ್ಬರೇ ರೊಟ್ಟಿ ಮಾಡುತ್ತಿದ್ದಾಗ, ತಲೆ ಎತ್ತದೆ ಕೇಳಿದಳು.

"ಅಕ್ಕಾರ, ನಿಮಗ ಗೊತ್ತಿತ್ತಲ್ಲ? ಯಾಕ ಹೇಳಲಿಲ್ಲ?"

ಅಷ್ಟು ದಿನ ನುಂಗಿದ್ದು ಹೊರಗೆ ಬಂತು. "ಹೇಳಿದ್ನೆವ್ವ. ನಿಮ್ಮ ಅವ್ವಗ ಹೇಳಿದ್ದೆ. ನಿನಗ ಹೇಳ್ತೀನಿ ಅಂದಿದ್ರು ಅವರು."

ಆಕೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದುದನ್ನು ಇಬ್ಬರೂ ನೋಡಿದೆವು, ಇಬ್ಬರೂ ತೆಗೆಯಲಿಲ್ಲ. ಕೊನೆಗೆ ಆಕೆ ನನ್ನ ಮುಖ ನೋಡಿದಳು.

"ನೀವು ಭಾಳ ಛಂದ ಮಾತಾಡ್ತೀರಿ ಅಕ್ಕಾರ. ಅಂಗಡ್ಯಾಗ ದಿನಾ ಕೇಳ್ತೀನಿ. ನಮ್ಮವ್ವನ ಮ್ಯಾಲ ಹಾಕಬ್ಯಾಡ್ರಿ."

ನಾನು ಆಣೆ ಮಾಡಬಹುದಿತ್ತು, ಅಳಬಹುದಿತ್ತು. ಏನು ಮಾಡಿದರೂ ಆಕೆಗೆ ಅದು ನನ್ನ ಇನ್ನೊಂದು ಜಾಣ ಮಾತಾಗಿಯೇ ಕೇಳಿಸುತ್ತಿತ್ತು. ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟೆ.

ಮುಂದೆ ಒಂದೆರಡು ವರ್ಷಕ್ಕೆ ಆಕೆಯ ತಾಯಿ ಎರಡನೆಯ ಮಗಳ ಮದುವೆಯ ಸೀರೆಗೆಂದು ನಮ್ಮ ಅಂಗಡಿಗೇ ಬಂದಳು. ಬೀಗರ ಅಂಗಡಿ ಬಿಟ್ಟು ಬೇರೆ ಕಡೆ ಹೋದರೆ ಮಂದಿ ಆಡಿಕೊಳ್ಳುವರಲ್ಲ. ಮಾವ ನನ್ನನ್ನೇ ಕೂಡಿಸಿದರು. ನಾನು ನೀರು ಕೊಟ್ಟೆ, ಊರಿನ ಸುದ್ದಿ ಕೇಳಿದೆ, ಒಂದೊಂದಾಗಿ ಸೀರೆ ಬಿಚ್ಚಿ ತೋರಿಸಿದೆ. ಆಕೆ ಸೀರೆಗಳನ್ನು ನೋಡುತ್ತಾ, ಆಳು ದೂರ ಸರಿದ ಸಮಯ ನೋಡಿ, ಮೆಲ್ಲಗೆ ಅಂದಳು.

"ಅವತ್ತಿಂದು ಮನಸ್ಸಿನ್ಯಾಗ ಇಟ್ಕೋಬ್ಯಾಡ ತಂಗಿ. ನನಗ ಗೊತ್ತಿತ್ತು ಅಂದಿದ್ರ ಆಕಿ ಅಪ್ಪ ನನ್ನ ಕೊಂದಽ ಹಾಕ್ತಿದ್ದ."

"ನನಗ ಏನೂ ಬ್ಯಾಡ್ರಿ," ಎಂದೆ. "ಮಗಳು ಮ್ಯಾಲ ಅದಾಳ. ಈಗ ಹೋಗಿ ಆಕಿಗೆ ಒಂದು ಮಾತು ಖರೇ ಹೇಳ್ರಿ. ಅಷ್ಟಽ."

ಆಕೆ ಹೂಂ ಎಂದಳು. ಎರಡು ಸೀರೆ ಆರಿಸಿದಳು. ಮೇಲೆ ಹೋಗಿ ಮಗಳೊಡನೆ ಊಟ ಮಾಡಿದಳು. ತಾಯಿಮಗಳು ನಗುವುದು ಅಂಗಡಿಯವರೆಗೂ ಕೇಳುತ್ತಿತ್ತು. ಸಂಜೆಯ ಬಸ್ಸಿಗೆ ಹೊರಟಾಗ ನನ್ನ ಹಣೆಗೆ ಕುಂಕುಮ ಹಚ್ಚಿ, ಕಣ್ಣು ತಪ್ಪಿಸಿ, ಹೋದಳು.

ರಾತ್ರಿ ಊಟಕ್ಕೆ ಕೂತಾಗ ಮೈದುನರ ಹೆಂಡತಿಯ ಮುಖ ನೋಡಿದೆ. ತವರಿನವರು ಬಂದು ಹೋದ ಸಂತೋಷ ಬಿಟ್ಟರೆ ಬೇರೇನೂ ಅಲ್ಲಿರಲಿಲ್ಲ. "ಸಾರು ಹಾಕ್ಲ್ಯಾ?" ಎಂದು ಎಲ್ಲರನ್ನೂ ಕೇಳುತ್ತಾ ಬಂದಳು. ನನ್ನ ತಾಟಿಗೆ ಮಾತ್ರ ಕೇಳದೆ, ಮುಖ ನೋಡದೆ ಹಾಕಿ ಮುಂದೆ ಹೋದಳು.